ತನ್ನ ಅಂಗಳವನ್ನೇ ಓದದ ವಿಶ್ವವಿದ್ಯಾಲಯ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸುಮಾರು 1,100 ಎಕರೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಮಳೆಯಾಗುತ್ತದೆ. ಎರಡನ್ನೂ ಗುಣಿಸಿ ನೋಡಿದರೆ ಆ ನೆಲದ ಮೇಲೆ ಪ್ರತಿ ವರ್ಷ ಹೆಚ್ಚುಕಡಿಮೆ 430 ಕೋಟಿ ಲೀಟರ್ ನೀರು ಸುರಿಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದ ಮೇಲೆ ಜಲಮಂಡಳಿ ಇಡೀ ಮಹಾನಗರಕ್ಕೆ ದಿನಕ್ಕೆ ತರಬಹುದಾದ ಕಾವೇರಿ ನೀರು ಸುಮಾರು 222 ಕೋಟಿ ಲೀಟರ್. ಅಂದರೆ ಒಂದೇ ಒಂದು ವಿಶ್ವವಿದ್ಯಾಲಯದ ಆವರಣದ ಮೇಲೆ ಬೀಳುವ ವರ್ಷದ ಮಳೆ ಬೆಂಗಳೂರಿಗೆಲ್ಲ ಎರಡು ದಿನಕ್ಕೆ ಸಾಲುವಷ್ಟು.

ಅಷ್ಟೂ ನೀರನ್ನು ಹಿಡಿದಿಡಲು ಯಾರಿಂದಲೂ ಆಗದು. ಒಂದಿಷ್ಟು ಆವಿಯಾಗುತ್ತದೆ, ಒಂದಿಷ್ಟನ್ನು ಗಿಡಮರಗಳು ಕುಡಿಯುತ್ತವೆ, ಜೋರು ಮಳೆಯಲ್ಲಿ ಒಂದಿಷ್ಟು ಹರಿದು ಹೋಗಲೇಬೇಕು. ಆದರೂ ಈ ಲೆಕ್ಕ ನನ್ನನ್ನು ಬಿಡದೆ ಕಾಡುತ್ತದೆ. 2024ರ ಬೇಸಿಗೆ ನೆನಪಿರಬಹುದು. ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಮೇಲಕ್ಕೆ ಪಂಪ್ ಮಾಡಿ ತರುವ ಊರಿದು. ಇಲ್ಲಿ ಭೂವಿಜ್ಞಾನ, ಸಿವಿಲ್ ಎಂಜಿನಿಯರಿಂಗ್, ಪರಿಸರ ವಿಜ್ಞಾನ ಕಲಿಸುವ ಸಂಸ್ಥೆಗಳಿಗೇನೂ ಬರವಿಲ್ಲ. ಆ ವಿಭಾಗಗಳಲ್ಲಿ ಅಂತರ್ಜಲದ ಮೇಲೆ ಪ್ರಬಂಧಗಳು ಬರುತ್ತವೆ, ಪಿಎಚ್.ಡಿ.ಗಳು ಸಲ್ಲುತ್ತವೆ. ಆ ತಿಳಿವಳಿಕೆ ಅದೇ ಕಾಂಪೌಂಡಿನೊಳಗಿನ ಹಾಸ್ಟೆಲಿನ ನಲ್ಲಿಯವರೆಗೆ ನಡೆದು ಬರುವುದು ಮಾತ್ರ ಅಪರೂಪ.

ಪರಿಸರಸ್ನೇಹಿ ಕ್ಯಾಂಪಸ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಜೂನ್ 5ರ ಸಸಿ ನೆಡುವ ಫೋಟೊ, ಗೇಟಿನ ಬಳಿ ‘ಪ್ಲಾಸ್ಟಿಕ್ ಮುಕ್ತ ವಲಯ’ ಎಂಬ ಫಲಕ, ಚಾವಣಿಯ ಮೇಲೆ ನಾಲ್ಕು ಸೌರ ಫಲಕ. ಇವು ಬೇಡವೆಂದಲ್ಲ. ಆದರೆ ಕೆಲಸ ಶುರುವಾಗುವುದು ಇವುಗಳಿಂದಲ್ಲ. ವಿಶ್ವವಿದ್ಯಾಲಯವೊಂದು ತಾನು ಕೂತ ನೆಲವನ್ನು, ತಾನು ಬಳಸುವ ನೀರು, ವಿದ್ಯುತ್ತು, ಅನ್ನವನ್ನು ತನ್ನದೇ ವಿದ್ಯಾರ್ಥಿಗಳ ಕೈಯಲ್ಲಿ ಓದಿಸಿ, ಆ ಓದಿನ ಪ್ರಕಾರ ನಡೆದುಕೊಂಡಾಗ ಶುರುವಾಗುತ್ತದೆ.

ಜ್ಞಾನಭಾರತಿಯಲ್ಲೇ ಅದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1964ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ 1973ರಲ್ಲಿ ಇಲ್ಲಿಗೆ ಬಂದಾಗ ಇದು ಊರಾಚೆಯ ಕುರುಚಲು. ಆಮೇಲೆ ಊರೇ ಇದನ್ನು ಸುತ್ತುವರಿಯಿತು. ನೆಲವೂ ಪಾಲಾಯಿತು: ರಾಷ್ಟ್ರೀಯ ಕಾನೂನು ಶಾಲೆ, ಕ್ರೀಡಾ ಪ್ರಾಧಿಕಾರ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಹೀಗೆ ಒಂದೊಂದಾಗಿ ಬಂದು ನೆಲೆಯೂರಿದವು. ಉಳಿದ ಜಾಗದಲ್ಲಿ, ಈ ಶತಮಾನದ ಆರಂಭದ ವರ್ಷಗಳಿಂದ, ಜೈವಿಕ ಉದ್ಯಾನವೊಂದು ಬೆಳೆಯಿತು. ಅದರ ಹಿಂದೆ ಭೂವಿಜ್ಞಾನ ವಿಭಾಗದ ಅಧ್ಯಾಪಕರ ದುಡಿಮೆ ಇತ್ತು. ಅದಕ್ಕೇ ಅಲ್ಲಿ ಗಿಡದ ಜೊತೆಗೆ ನೀರಿನ ವಿಚಾರವೂ ಬಂತು. ನೆಲದ ಇಳಿಜಾರು ಎತ್ತ, ಬಂಡೆಯಲ್ಲಿ ಬಿರುಕು ಎಲ್ಲಿ, ಹಳ್ಳಕ್ಕೆ ಎಲ್ಲಿ ಅಡ್ಡಗಟ್ಟಿದರೆ ನೀರು ಇಂಗುತ್ತದೆ ಎಂದು ನೋಡಿ ಸಣ್ಣ ಸಣ್ಣ ತಡೆ ಅಣೆಗಳು ಕಟ್ಟಲ್ಪಟ್ಟವು. ಔಷಧೀಯ ಸಸ್ಯಗಳ ವನಗಳು ಬಂದವು, ಎನ್ಎಸ್ಎಸ್ ಹುಡುಗರು ಗುಂಡಿ ತೋಡಿದರು. ಪಾಠದ ಕೋಣೆಯ ತಿಳಿವಳಿಕೆ ನೆಲಕ್ಕಿಳಿದರೆ ಏನಾಗುತ್ತದೆ ಎನ್ನುವುದಕ್ಕೆ ನೂರಾರು ಎಕರೆಯ ಸಾಕ್ಷಿ ಅದು. ಇವತ್ತು ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಇಷ್ಟು ದೊಡ್ಡ ಹಸಿರು ಬೇರೊಂದಿಲ್ಲ. ಹಾಗಾಗಿಯೇ ಅದರ ಮೇಲೆ ಕಟ್ಟಡ, ರಸ್ತೆ, ಹೊಸ ಸಂಸ್ಥೆ ಎಂಬ ಕಣ್ಣುಗಳೂ ಬೀಳುತ್ತಲೇ ಇವೆ.

ಆದರೆ ಈ ಆವರಣ ಇರುವುದು ವೃಷಭಾವತಿಯ ಕಣಿವೆಯಲ್ಲಿ. ಬಸವನಗುಡಿಯ ದೊಡ್ಡ ಬಸವಣ್ಣನ ಹತ್ತಿರ ಹುಟ್ಟಿದ್ದೆಂದು ನಂಬಲಾದ ನದಿ ಮೈಸೂರು ರಸ್ತೆಯ ಗುಂಟ ನಗರದ ಕೊಳಚೆ ಹೊತ್ತು ಸಾಗಿ, ಬೈರಮಂಗಲ ಕೆರೆ ತುಂಬಿ, ಅರ್ಕಾವತಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಜ್ಞಾನಭಾರತಿಯ ಹಾಸ್ಟೆಲಿನಲ್ಲಿ ಮುಖ ತೊಳೆದ ನೀರಿನ ದಾರಿಯೂ ಅದೇ. ಬೈರಮಂಗಲದ ಸುತ್ತಿನ ರೈತರು ನೊರೆ ತುಂಬಿದ ನೀರಿನಲ್ಲಿ ಬೇಬಿ ಕಾರ್ನ್, ಮೇವು ಬೆಳೆಯುತ್ತಾರೆ. ಕ್ಯಾಂಪಸ್ಸಿನ ಗಡಿ ಕಾಂಪೌಂಡಿಗೆ ಮುಗಿಯುತ್ತದೆಂದು ತಿಳಿದರೆ ಈ ರೈತರು ಲೆಕ್ಕಕ್ಕೇ ಬರುವುದಿಲ್ಲ. ನನ್ನ ಮಟ್ಟಿಗೆ ಒಂದು ಕ್ಯಾಂಪಸ್ಸಿನ ನಿಜವಾದ ಪರೀಕ್ಷೆ ಅದರ ಗೇಟಿನಲ್ಲಿ ನಡೆಯುವುದಲ್ಲ, ಅದರ ಕೊಳಚೆ ನೀರು ಹೊರಬೀಳುವ ಜಾಗದಲ್ಲಿ.

ಕುಕ್ಕರಹಳ್ಳಿ ಹೇಳುವ ಕಥೆ

ಈ ಮಾತು ಅರ್ಥವಾಗಬೇಕಾದರೆ ಮೈಸೂರಿಗೆ ಹೋಗಬೇಕು. ಮೈಸೂರು ವಿಶ್ವವಿದ್ಯಾಲಯದ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಅವರು ಕುಲಪತಿಯಾಗಿದ್ದ ಕೊನೆಯ ವರ್ಷ, 1960ರಲ್ಲಿ, ಈ ಆವರಣ ರೂಪುಗೊಂಡಿತು. ಅದರ ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು. ಇವತ್ತು ಅದರ ಹೊಣೆ ವಿಶ್ವವಿದ್ಯಾಲಯದ್ದು. ಬೆಳಿಗ್ಗೆ ಐದೂವರೆಗೇ ಏರಿಯ ಮೇಲೆ ನಡೆಯುವವರು ಸೇರುತ್ತಾರೆ. ಹೆಜ್ಜಾರ್ಲೆಗಳು ನೀರಿನ ಮೇಲೆ ಭಾರವಾಗಿ ಇಳಿಯುವುದನ್ನು ನೋಡಲು ಕ್ಯಾಮೆರಾ ಹೊತ್ತ ಹುಡುಗರು ಬರುತ್ತಾರೆ. ಕುವೆಂಪು ಅವರೂ ಇಲ್ಲಿ ನಡೆದಾಡಿದವರು.

ಈ ಕೆರೆಗೆ ಮಳೆ ನೀರು ತರುತ್ತಿದ್ದುದು ಪೂರ್ಣಯ್ಯ ನಾಲೆ. ದಿವಾನ್ ಪೂರ್ಣಯ್ಯನವರು ಕಾವೇರಿಯನ್ನು ಮೈಸೂರಿಗೆ ತರಬೇಕೆಂದು ತೋಡಿಸಲು ಹೊರಟ ಕಾಲುವೆ. ನದಿ ನೀರು ಅದರಲ್ಲಿ ಊರಿಗೆ ಬರಲಿಲ್ಲ, ಆದರೆ ದಾರಿಯುದ್ದದ ದಿಣ್ಣೆಗಳ ಮಳೆ ನೀರನ್ನು ಕೂಡಿಸಿಕೊಂಡು ಕೆರೆಗೆ ತಂದು ಹಾಕುವ ಕೆಲಸವನ್ನು ಅದು ಬಹಳ ಕಾಲ ಮಾಡಿತು. ಮೈಸೂರು ಬೆಳೆಯಿತು, ಬಡಾವಣೆಗಳು ಬಂದವು, ನಾಲೆಯ ಮೇಲೆ ನಿವೇಶನ, ರಸ್ತೆ ಬಿದ್ದವು. ಮಳೆ ನೀರು ಬರುವ ದಾರಿ ಮುಚ್ಚಿತು, ಅದೇ ಹೊತ್ತಿಗೆ ಸುತ್ತಲಿನ ಬಡಾವಣೆಗಳ ಕೊಳಚೆ ಬರುವ ದಾರಿ ತೆರೆದುಕೊಂಡಿತು. ಕೊಳಚೆಯ ಸಾರಜನಕ, ರಂಜಕಗಳನ್ನು ಉಂಡು ಪಾಚಿ ಹಬ್ಬುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮೀನು ಬಾಯಿ ತೆರೆದು ಮೇಲೆ ಬರುವುದು ಆಗ. ಕೆರೆ ಹಸಿರಾಗಿ ಕಾಣುವ ದಿನವೇ ಅದಕ್ಕೆ ಉಸಿರುಗಟ್ಟಿರುತ್ತದೆ.

ಇದನ್ನೆಲ್ಲ ಅಳೆದು ಬರೆಯಬಲ್ಲ ಪರಿಸರ ವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನದ ವಿಭಾಗಗಳು ಆ ಕೆರೆಯಿಂದ ನಡೆದು ಹೋಗುವಷ್ಟು ದೂರದಲ್ಲಿವೆ. ಬರೆದೂ ಇದ್ದಾರೆ. ಕುಕ್ಕರಹಳ್ಳಿಯ ನೀರಿನ ಮೇಲೆ, ಹಕ್ಕಿಗಳ ಮೇಲೆ ಅಧ್ಯಯನಗಳು ಬಂದಿವೆ. ಕೊಳಚೆಯನ್ನು ಒಳಚರಂಡಿಗೆ ತಿರುಗಿಸುವ ಪ್ರಯತ್ನಗಳೂ ನಡೆದಿವೆ, ಮೈಸೂರಿನ ನಾಗರಿಕರು ಪಟ್ಟು ಹಿಡಿದು ದನಿ ಎತ್ತಿದ್ದಾರೆ. ಕೆರೆ ಇನ್ನೂ ಕೆರೆಯಾಗಿ ಉಳಿದಿದ್ದರೆ ಅದಕ್ಕೆ ಆ ಜನರೂ ಕಾರಣ. ಆದರೆ ನಾಲೆ ಮರಳಿ ಬಾರದೆ ಕೆರೆ ಮರಳಿ ಬರುವುದಿಲ್ಲ. ನಾಲೆ ಇರುವುದು ವಿಶ್ವವಿದ್ಯಾಲಯದ ಕಾಂಪೌಂಡಿನ ಆಚೆ, ಪಾಲಿಕೆ, ಪ್ರಾಧಿಕಾರ, ಖಾಸಗಿ ನಿವೇಶನಗಳ ನಡುವೆ. ಅಲ್ಲಿಗೆ ಹೋಗಿ ಮಾತಾಡುವುದು, ನಕ್ಷೆ ಹಿಡಿದು ನಿಲ್ಲುವುದು, ಬೇಕಾದರೆ ಕೋರ್ಟಿಗೆ ಹೋಗುವುದು ಕೂಡ ಕುಲಪತಿಯ ಕಚೇರಿಯ ಕೆಲಸವೇ ಎಂದು ನಾನು ನಂಬುತ್ತೇನೆ.

ವಾಲ್ವ್‌ಮನ್‌ನ ತಲೆಯೊಳಗಿನ ನಕ್ಷೆ

ಕೆರೆಯಂಥ ದೊಡ್ಡ ಸಂಗತಿ ಇರಲಿ, ಕಟ್ಟಡದೊಳಗಿನ ಕೊಳಾಯಿಗೆ ಬರೋಣ. ಎಸ್ಟೇಟ್ ವಿಭಾಗದ ಎಂಜಿನಿಯರನ್ನು ಕೇಳಿದರೆ ಕ್ಯಾಂಪಸ್ಸಿಗೆ ದಿನಕ್ಕೆ ಇಷ್ಟು ಲೀಟರ್ ನೀರು ಎಂದು ಹೇಳುತ್ತಾರೆ. ಯಾವ ಕಟ್ಟಡಕ್ಕೆ ಎಷ್ಟು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಮೀಟರ್ ಇರುವುದು ಮುಖ್ಯ ಕೊಳವೆಗೆ ಮಾತ್ರ. ಒಳಗಿನ ವಿಚಾರ ಗೊತ್ತಿರುವುದು ಬೆಳಗಿನ ಜಾವ ಉದ್ದನೆಯ ಕಬ್ಬಿಣದ ಕೀ ಹಿಡಿದು ಸೈಕಲ್ಲಿನಲ್ಲಿ ಬರುವ ವಾಲ್ವ್‌ಮನ್‌ಗೆ. ಅಂಥ ಒಬ್ಬರು ಒಂದು ಹಳೆಯ ಕ್ಯಾಂಪಸ್ಸಿನಲ್ಲಿ ಚೇಂಬರಿನ ಮುಚ್ಚಳ ಸರಿಸಿ, ಮೊಣಕಾಲೂರಿ ಕೀ ತಿರುಗಿಸುತ್ತ ನನಗೆ ಹೇಳಿದ್ದರು: ‘ಈ ಲೈನು ಎಲ್ಲಿಗೋಗ್ತದೆ ಅನ್ನೋ ಮ್ಯಾಪು ಆಫೀಸಲ್ಲಿಲ್ಲ ಸಾರ್, ನನ್ ತಲೇಲೈತೆ. ನಾನು ರಿಟೈರ್ ಆದ್ಮೇಲೆ ನೆಲ ಅಗ್ದೇ ನೋಡ್ಬೇಕು.’ ಒಂದು ಹಾಸ್ಟೆಲಿನ ಸಂಪು ರಾತ್ರಿಯಿಡೀ ತುಂಬುತ್ತಲೇ ಇರುತ್ತದೆಂದು, ಎಲ್ಲೋ ಲೈನು ಒಡೆದಿದೆಯೆಂದು ಅವರಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಸೋರಿಕೆ ಪತ್ತೆ ಮಾಡಲು ದೊಡ್ಡ ಯಂತ್ರ ಬೇಕಿಲ್ಲ. ಎಲ್ಲರೂ ಮಲಗಿದ ಮೇಲೆ ಮೀಟರ್ ಓದಬೇಕು, ಮತ್ತೆ ನಸುಕಿನ ನಾಲ್ಕಕ್ಕೆ ಓದಬೇಕು. ಆ ನಡುವೆ ಹರಿದ ನೀರಿನಲ್ಲಿ ಬಹುಪಾಲು ಸೋರಿಕೆಯೇ. ಪ್ರತಿ ಕಟ್ಟಡಕ್ಕೊಂದು ಮೀಟರ್ ಇದ್ದರೆ ಇದನ್ನು ಬಿ.ಎಸ್ಸಿ. ಓದುವ ಇಬ್ಬರು ಹುಡುಗಿಯರು ಒಂದು ವಾರದಲ್ಲಿ ಮುಗಿಸಬಲ್ಲರು. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕ ಹಿಡಿದರೆ, 300 ಮಂದಿಯ ಹಾಸ್ಟೆಲಿಗೆ 40 ಸಾವಿರ ಲೀಟರ್ ಬೇಕು. ಅದರಲ್ಲಿ ಶೇ 80ರಷ್ಟು ಬಳಸಿದ ನೀರಾಗಿ ಹೊರಬೀಳುತ್ತದೆ. ಶುದ್ಧೀಕರಿಸಿದರೆ ಶೌಚಾಲಯದ ಫ್ಲಶ್‌ಗೂ ತೋಟಕ್ಕೂ ಸಾಕಾಗಿ ಮಿಗುತ್ತದೆ. ಇದಕ್ಕೆಂದು ಕಟ್ಟಿದ ಶುದ್ಧೀಕರಣ ಘಟಕಗಳು ಎಷ್ಟೋ ಕಡೆ ನಿಂತುಹೋಗುವುದು ಯಂತ್ರ ಕೆಟ್ಟಿದ್ದಕ್ಕಲ್ಲ, ಗುತ್ತಿಗೆ ಮುಗಿದು ಆಪರೇಟರ್ ಇಲ್ಲದ್ದಕ್ಕೆ. ಇನ್ನೊಂದು ಕಾರಣ ಕ್ಯಾಂಪಸ್ಸಿಗೇ ವಿಶೇಷವಾದದ್ದು: ರಜೆ. ಕೊಳಚೆಯನ್ನು ತಿಂದು ಶುದ್ಧ ಮಾಡುವುದು ಬ್ಯಾಕ್ಟೀರಿಯಾ. ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಖಾಲಿಯಾದರೆ ಅವು ಉಪವಾಸ ಬೀಳುತ್ತವೆ. ಮತ್ತೆ ತರಗತಿ ಶುರುವಾದ ದಿನ ಘಟಕ ನಾರುತ್ತದೆ, ‘ಇದು ಕೆಲಸಕ್ಕೆ ಬಾರದ್ದು’ ಎಂದು ಪಕ್ಕಕ್ಕೆ ಸರಿಸುತ್ತಾರೆ. ವಿಶ್ವವಿದ್ಯಾಲಯದ ಕ್ಯಾಲೆಂಡರ್ ನೋಡಿ ಘಟಕದ ವಿನ್ಯಾಸ ಮಾಡಿದ್ದರೆ ಈ ಗತಿ ಬರುತ್ತಿರಲಿಲ್ಲ.

ಹಣದ ವಿಚಾರದಲ್ಲೂ ಇದೇ ಕಥೆ. ಹಳೆಯ ಮಾದರಿಯ ಫ್ಯಾನು 75 ವ್ಯಾಟ್ ಎಳೆಯುತ್ತದೆ, ಕಡಿಮೆ ವಿದ್ಯುತ್ ಬೇಡುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್ ಆಸುಪಾಸು. ಸಾವಿರ ಫ್ಯಾನು ದಿನಕ್ಕೆ ಹತ್ತು ತಾಸು ತಿರುಗಿದರೆ 450 ಯೂನಿಟ್ ಉಳಿತಾಯ. ಹೆಚ್ಚಿಗೆ ಕೊಟ್ಟ ಬೆಲೆ ಒಂದೂವರೆ, ಎರಡು ವರ್ಷದಲ್ಲಿ ವಾಪಸ್ ಬರುತ್ತದೆ. ಆದರೂ ಟೆಂಡರಿನಲ್ಲಿ ಬರುವುದು ಕಡಿಮೆ ಬೆಲೆಯ ಫ್ಯಾನೇ. ಖರೀದಿಯ ಹಣ ಒಂದು ಲೆಕ್ಕಶೀರ್ಷಿಕೆಯದು, ಕರೆಂಟು ಬಿಲ್ಲಿನ ಹಣ ಇನ್ನೊಂದರದ್ದು. ಮೊದಲನೆಯದರಲ್ಲಿ ಉಳಿಸಿದವರಿಗೆ ಶಾಭಾಸ್ ಸಿಗುತ್ತದೆ, ಎರಡನೆಯದರಲ್ಲಿ ಆಗುವ ನಷ್ಟವನ್ನು ಯಾರೂ ಕೇಳುವುದಿಲ್ಲ. ಪಾರದರ್ಶಕ ಖರೀದಿಯ ಕಾಯ್ದೆ ಇದಕ್ಕೆ ಅಡ್ಡಿಯಲ್ಲ. ಬಿಡ್ ಕರೆಯುವಾಗಲೇ ಇಷ್ಟು ವ್ಯಾಟ್ ಮೀರಬಾರದು ಎಂದು ಬರೆದರೆ ಸಾಕು. ಒಂದು ವಿಭಾಗ ಉಳಿಸಿದ ಕರೆಂಟಿನ ಹಣದಲ್ಲಿ ಅರ್ಧವನ್ನು ಅದೇ ವಿಭಾಗದ ಗ್ರಂಥಾಲಯಕ್ಕೋ ಪ್ರಯೋಗಾಲಯಕ್ಕೋ ಕೊಡುತ್ತೇವೆ ಎಂದು ಸಿಂಡಿಕೇಟ್ ಒಂದು ನಿರ್ಣಯ ಮಾಡಲಿ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುವುದು ತಾನಾಗಿ ನಿಲ್ಲುತ್ತದೆ.

ಮೆಸ್ಸಿನ ನೀಲಿ ಡ್ರಮ್ಮು

ಯಾವುದೇ ಹಾಸ್ಟೆಲಿನ ಕೈ ತೊಳೆಯುವ ಜಾಗಕ್ಕೆ ಮಧ್ಯಾಹ್ನ ಎರಡೂವರೆಗೆ ಹೋಗಿ ನಿಲ್ಲಿ. ತಟ್ಟೆ ಇಡುವ ಕಟ್ಟೆಯ ಪಕ್ಕ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇರುತ್ತದೆ. ಅರ್ಧ ಮುರಿದ ಮುದ್ದೆ, ಸಾರು ಕಲೆಸಿ ಬಿಟ್ಟ ಅನ್ನ, ಮಡಚಿದ ಚಪಾತಿ, ಯಾರಿಗೂ ಬೇಡವಾದ ಕೋಸಿನ ಪಲ್ಯ. ಮೂರು ಗಂಟೆಗೆ ಡ್ರಮ್ಮು ಬಾಯಿಮಟ್ಟ ಬಂದಿರುತ್ತದೆ. ಸಂಜೆ ಹಂದಿ ಸಾಕುವವರು ಆಟೊದಲ್ಲಿ ಒಯ್ಯುತ್ತಾರೆ, ಅವರು ಬಾರದ ದಿನ ಹಿಂದಿನ ಗುಂಡಿಗೆ. ಆ ಅನ್ನದ ಹಿಂದೆ ಮಂಡ್ಯದ ಗದ್ದೆಯ ನೀರಿದೆ, ರೈತರ ಬೆವರಿದೆ, ಬೇಯಿಸಿದ ಗ್ಯಾಸಿದೆ, ನಸುಕಿಗೆದ್ದ ಅಡುಗೆಯವರ ನಿದ್ದೆಯಿದೆ. ಕ್ಯಾಂಪಸ್ಸಿನಲ್ಲಿ ನನಗೆ ಅತ್ಯಂತ ಸಂಕಟ ಕೊಡುವ ದೃಶ್ಯ ಯಾವುದೆಂದರೆ ಕಡಿದ ಮರಕ್ಕಿಂತ ಮೊದಲು ಈ ಡ್ರಮ್ಮನ್ನೇ ಹೇಳುತ್ತೇನೆ.

ಇದರಲ್ಲಿ ಹೆಚ್ಚಿನದು ದುರಹಂಕಾರದಿಂದ ಬಿಟ್ಟದ್ದಲ್ಲ. ಭಾನುವಾರ ರಾತ್ರಿ ಎಷ್ಟು ಮಂದಿ ಊಟಕ್ಕಿರುತ್ತಾರೆಂದು ಭಟ್ಟರಿಗೆ ತಿಳಿಯದು, ಪೂರ್ತಿ ಸಂಖ್ಯೆಗೇ ಅಕ್ಕಿ ಹಾಕುತ್ತಾರೆ. ಬಡಿಸುವ ಸೌಟು ಒಂದೇ ಅಳತೆಯದು, ಎರಡು ತುತ್ತು ಉಣ್ಣುವವನಿಗೂ ನಾಲ್ಕು ತುತ್ತಿನವನಿಗೂ ಅದೇ. ಹಿಂದಿನ ರಾತ್ರಿಯೇ ಬರುವವರ ಲೆಕ್ಕ ಕೊಡುವ ಪದ್ಧತಿ, ಮೊದಲು ಸ್ವಲ್ಪ ಬಡಿಸಿ ಕೇಳಿದಷ್ಟು ಮತ್ತೆ ಹಾಕುವ ಪದ್ಧತಿ, ದಿನಾ ಡ್ರಮ್ಮು ತೂಗಿ ಬಾಗಿಲ ಬಳಿ ಕಪ್ಪು ಹಲಗೆಯ ಮೇಲೆ ಕಿಲೋ ಬರೆಯುವುದು, ಇಷ್ಟಕ್ಕೇ ದೊಡ್ಡ ವ್ಯತ್ಯಾಸ ಬರುತ್ತದೆ. ಇಷ್ಟಾಗಿಯೂ ಉಳಿಯುವ ಸಿಪ್ಪೆ, ಎಂಜಲಿಗೆ ಜೈವಿಕ ಅನಿಲ ಘಟಕ. ದಿನಕ್ಕೆ ನೂರು ಕಿಲೋ ಹಸಿ ತ್ಯಾಜ್ಯದಿಂದ ಎಂಟು, ಹತ್ತು ಘನ ಮೀಟರ್ ಅನಿಲ ಬರುತ್ತದೆ, ಅದು ಸುಮಾರು ನಾಲ್ಕು ಕಿಲೋ ಎಲ್‌ಪಿಜಿಗೆ ಸಮ. ಐದು ದಿನಕ್ಕೊಂದು 19 ಕಿಲೋ ಸಿಲಿಂಡರ್ ಉಳಿದಂತೆ. ನಿಂಬೆ ಸಿಪ್ಪೆ ಹೆಚ್ಚಾದರೆ ಘಟಕದೊಳಗೆ ಹುಳಿ ಏರಿ ಅನಿಲ ನಿಲ್ಲುತ್ತದೆ, ರಜೆಯಲ್ಲಿ ಹೊಟ್ಟೆಗಿಲ್ಲದೆ ಸೊರಗಿದರೆ ಸಗಣಿ ಹಾಕಿ ಮತ್ತೆ ಎಬ್ಬಿಸಬೇಕು. ಹಸುವನ್ನು ಸಾಕಿದಂತೆ ಸಾಕಬೇಕಾದ ವಸ್ತು ಅದು. ಉದ್ಘಾಟನೆಯ ಟೇಪು ಕತ್ತರಿಸಿದವರು ಆಮೇಲೆ ಅತ್ತ ಬರದಿದ್ದರೆ ತುಕ್ಕು ಹಿಡಿದ ಡ್ರಮ್ಮಷ್ಟೇ ಉಳಿಯುತ್ತದೆ.

ಹಾಗೆ ನೋಡಿದರೆ ಈ ವಿದ್ಯೆ ಕರ್ನಾಟಕಕ್ಕೆ ಹೊಸತಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಕಟ್ಟಿದರು. ಗ್ರಾಮಗಳಿಗೆ ವಿಜ್ಞಾನ, ತಂತ್ರಜ್ಞಾನ ಒಯ್ಯುವ ಕೇಂದ್ರವದು. ಕಡಿಮೆ ಸೌದೆ ಬೇಡುವ, ಹೊಗೆ ಹೊರಗೆ ಕಳಿಸುವ ಅಸ್ತ್ರ ಒಲೆ ನಾಡಿನ ಎಷ್ಟೋ ಮನೆಗಳ ಅಡುಗೆ ಕೋಣೆಗೆ ಹೋಯಿತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಿಂದ ಊರಿನ ಸಗಣಿಯಿಂದಲೇ ಅನಿಲ ತೆಗೆದು, ಅದರಿಂದ ವಿದ್ಯುತ್ ಮಾಡಿ, ಮನೆಗೆ ದೀಪ, ನಲ್ಲಿಗೆ ನೀರು ಕೊಟ್ಟರು. ಸುಡದೆ, ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಗೆ ‘ಮರ್ದಿನಿ’ ಎಂಬ ಯಂತ್ರ ಬಂತು. ಹಳ್ಳಿಯ ಹೆಂಗಸು ಒಲೆ ಊದಿ ಕೆಮ್ಮುವುದನ್ನು ನೋಡಿದ ಮೇಲೆಯೇ ಅಲ್ಲಿ ವಿಜ್ಞಾನಿಗಳು ಉಷ್ಣದ ಲೆಕ್ಕಕ್ಕೆ ಕೂತದ್ದು. ಇಷ್ಟೆಲ್ಲ ನಮ್ಮಲ್ಲೇ ನಡೆದು ದಶಕಗಳೇ ಕಳೆದಿರುವಾಗ, ನಮ್ಮ ವಿಶ್ವವಿದ್ಯಾಲಯಗಳ ಹೊಸ ಹಾಸ್ಟೆಲು ಕಟ್ಟುವ ಗುತ್ತಿಗೆದಾರನ ಪಟ್ಟಿಯಲ್ಲಿ ಆ ಇಟ್ಟಿಗೆ, ಅಡುಗೆಮನೆಯ ನಕ್ಷೆಯಲ್ಲಿ ಆ ಅನಿಲ ಘಟಕ ತಾನಾಗಿಯೇ ಇರಬೇಕಿತ್ತು.

ಬಿಸಿಲು, ನೆರಳು, ಹುಲ್ಲು

ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ಬಿ.ವಿ. ದೋಶಿ ವಿನ್ಯಾಸ ಮಾಡಿದ್ದು 1970ರ ದಶಕದಲ್ಲಿ. ಬೂದು ಗ್ರಾನೈಟಿನ ಗೋಡೆ, ಮೇಲೆ ತೆರೆದ ಪಡಸಾಲೆ, ಒಂದಾದ ಮೇಲೊಂದು ಅಂಗಳ, ಬಳ್ಳಿ ಹಬ್ಬಿದ ಚಪ್ಪರ. ಮಧುರೆಯ ದೇವಾಲಯ, ಫತೇಪುರ್ ಸಿಕ್ರಿಗಳಿಂದ ಅವರು ಕಲಿತದ್ದು ಅಲ್ಲಿದೆ. ನೆತ್ತಿಯ ಬಿಸಿಲಿನಲ್ಲೂ ಆ ಪಡಸಾಲೆಗಳಲ್ಲಿ ಗಾಳಿ ಓಡಾಡುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೂಡ ಆ ಸೀಮೆಯ ಕಲ್ಲನ್ನು ಮರೆಯದೆ ಕಟ್ಟಿಕೊಂಡಿತು. ಇವನ್ನು ನೋಡಿದ ಮೇಲೂ ಕಲಬುರಗಿಯಂಥ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಪಶ್ಚಿಮಕ್ಕೆ ಗಾಜು ಹೊದಿಸಿದ ಬ್ಲಾಕು ಕಟ್ಟಿ, ಆಮೇಲೆ ಎ.ಸಿ. ಹಾಕುವುದನ್ನು ಯಾವ ಎಂಜಿನಿಯರಿಂಗ್ ಕಾಲೇಜೂ ತನ್ನ ವಿದ್ಯಾರ್ಥಿಗಳಿಗೆ ಕಲಿಸಬಾರದು.

ಊರಿಗೊಂದು ಬೇರೆ ಪಾಠ ಬೇಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ನೆಲಕ್ಕೆ ಬೆಂಗಳೂರಿನ ಮೂರು, ನಾಲ್ಕು ಪಟ್ಟು ಮಳೆ ಬೀಳುತ್ತದೆ. ಮುರಕಲ್ಲಿನ ನೆಲ ಬೇಗ ಬಸಿದುಕೊಳ್ಳುತ್ತದೆ, ಮಾರ್ಚ್ ಹೊತ್ತಿಗೆ ಬಾವಿ ತಳ ಕಾಣುತ್ತದೆ. ಅಲ್ಲಿ ಇಂಗುಗುಂಡಿ ಮಾಡುವ ಬಗೆ ಬೇರೆ, ಕಲಬುರಗಿಯ ಕರಿಮಣ್ಣಿನಲ್ಲಿ ಬೇರೆ. ದೇಶಕ್ಕೆಲ್ಲ ಒಂದೇ ನಮೂನೆ ಹಿಡಿದು ತುಂಬುವುದರ ತೊಂದರೆ ಇಲ್ಲಿದೆ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಏಳನೇ ಮಾನದಂಡ ಹಸಿರು ಕ್ಯಾಂಪಸ್ ಬಗ್ಗೆ ಕೇಳುತ್ತದೆ: ಮಳೆ ಕೊಯ್ಲು ಇದೆಯೇ, ವಾಹನಗಳಿಗೆ ನಿರ್ಬಂಧವಿದೆಯೇ, ಹಸಿರು ಆಡಿಟ್ ಆಗಿದೆಯೇ. ಒಳ್ಳೆಯ ಪ್ರಶ್ನೆಗಳೇ, ಕೇಳದಿದ್ದರೆ ಎಷ್ಟೋ ಕಾಲೇಜುಗಳು ಇತ್ತ ನೋಡುತ್ತಲೇ ಇರಲಿಲ್ಲ. ಆದರೆ ಇದೆ, ಇಲ್ಲ ಎಂಬ ಉತ್ತರಕ್ಕೆ ಅಂಕ ಸಿಗುವಾಗ, ಇದ್ದದ್ದು ಈ ಮಳೆಗಾಲದಲ್ಲಿ ಎಷ್ಟು ನೀರು ಇಂಗಿಸಿತು ಎಂದು ಯಾರು ನೋಡಬೇಕು? ನ್ಯಾಕ್ ತಂಡ ಬಂದು ಹೋದ ಮೇಲೆ ಪೈಪು ಕಿತ್ತುಹೋದ ಇಂಗುಗುಂಡಿಗಳನ್ನು ನಾನು ಕಂಡಿದ್ದೇನೆ.

ಮರದ ವಿಚಾರದಲ್ಲಿ ನನ್ನದೊಂದು ತಕರಾರು ಇದೆ. ಖಾಲಿ ಜಾಗ ಕಂಡಲ್ಲೆಲ್ಲ ಸಸಿ ನೆಡುವುದು ಪರಿಸರ ಸೇವೆಯಲ್ಲ. ದಕ್ಷಿಣ ದಖನ್ನಿನ ಹುಲ್ಲು, ಕುರುಚಲು ಕೂಡ ಒಂದು ಜೀವಲೋಕ. ನೆಲದಲ್ಲಿ ಗೂಡು ಮಾಡುವ ಗೌಜಲಹಕ್ಕಿ, ಹಾವುರಾಣಿ, ಚಿಟ್ಟೆ ಅಲ್ಲಿರುತ್ತವೆ. ಬೀಳು ಎಂದು ತಿಳಿದು ಅಲ್ಲಿ ನೀಲಗಿರಿ, ಅಕೇಶಿಯಾ ತುಂಬಿದ ಕಾಲವನ್ನು ನಮ್ಮ ಕ್ಯಾಂಪಸ್ಸುಗಳು ಕಂಡಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ 167 ಹೆಕ್ಟೇರನ್ನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸರ್ಕಾರ ಘೋಷಿಸಿತು. ಅಲ್ಲಿ ಬೆಲೆ ಸಿಕ್ಕಿದ್ದು ನೆಟ್ಟ ಸಾಲುಮರಗಳಿಗೆ ಮಾತ್ರವಲ್ಲ, ಒಟ್ಟು ನೆಲಕ್ಕೆ. ವಿಜ್ಞಾನ ಸಂಸ್ಥೆಯ ಮರಗಳಲ್ಲಿ ಇವತ್ತಿಗೂ ಕಾಡುಪಾಪ ಬದುಕಿರುವುದು ಕೊಂಬೆಗೆ ಕೊಂಬೆ ಕೂಡಿಕೊಂಡಿರುವುದರಿಂದ. ನೆಲಕ್ಕಿಳಿಯದೆ ದಾಟಬೇಕು ಅದಕ್ಕೆ. ನಡುವೆ ಅಗಲ ರಸ್ತೆಯೊಂದು ಬಂದರೆ ಆ ದಾರಿ ತುಂಡಾಗುತ್ತದೆ. ಆದ್ದರಿಂದ ಎಷ್ಟು ಸಸಿ ನೆಟ್ಟಿರಿ ಎಂಬುದಕ್ಕಿಂತ ಎಲ್ಲಿ ಏನನ್ನೂ ಮಾಡದೆ ಬಿಟ್ಟಿರಿ ಎಂದು ಕೇಳುವುದು ಹೆಚ್ಚು ಸರಿ. ಆಡಳಿತ ಕಚೇರಿಯ ಮುಂದಿನ ಹುಲ್ಲುಹಾಸಿಗೆ ಬೇಸಿಗೆಯಲ್ಲೂ ದಿನಾ ನೀರು ಹರಿಸಿ, ಅದರ ಹಿಂದೆಯೇ ತರಗೆಲೆ ಗುಡ್ಡೆ ಹಾಕಿ ಬೆಂಕಿ ಇಡುವುದು ಎರಡು ಸಲ ತಪ್ಪು. ಹೊಂಗೆ, ಮಳೆಮರದ ಆ ಎಲೆಯೇ ಗೊಬ್ಬರ, ಮರದ ಬುಡಕ್ಕೆ ಹೊದಿಕೆ. ಗುಡಿಸುವ ಅಮ್ಮಂದಿರಿಗೆ ಸುಡುವುದು ಬಿಟ್ಟು ಬೇರೆ ಜಾಗ ತೋರಿಸಿದವರಾರು?

ರಸ್ತೆ ಎಂದಾಗ ಜ್ಞಾನಭಾರತಿಗೇ ಮರಳಬೇಕು. ಮೈಸೂರು ರಸ್ತೆಯಿಂದ ನಾಗರಬಾವಿ, ಉಲ್ಲಾಳದ ಕಡೆ ಹೋಗುವ ಹೊರಗಿನ ವಾಹನಗಳಿಗೆ ಆವರಣದ ರಸ್ತೆಯೇ ಹತ್ತಿರದ ದಾರಿ. 2022ರ ಅಕ್ಟೋಬರ್‌ನಲ್ಲಿ ಅಲ್ಲೇ ಬಸ್ಸಿನಡಿ ಸಿಲುಕಿದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ವಿದ್ಯಾರ್ಥಿಗಳು ದಿನಗಟ್ಟಲೆ ರಸ್ತೆಯಲ್ಲಿ ಕೂತು ಕೇಳಿದ್ದು ಒಂದೇ: ಹೊರಗಿನ ವಾಹನ ಒಳಗೆ ಬೇಡ. ಅದನ್ನು ಕೇವಲ ಸುರಕ್ಷತೆಯ ಬೇಡಿಕೆಯೆಂದು ಓದಬಾರದು, ಹೊಗೆ, ಸದ್ದು, ರಸ್ತೆ ದಾಟುವ ಪ್ರಾಣಿ ಎಲ್ಲವೂ ಅದರೊಳಗಿವೆ. 2021ರ ಆಗಸ್ಟ್‌ನಿಂದ ನೇರಳೆ ಮಾರ್ಗದಲ್ಲಿ ಜ್ಞಾನಭಾರತಿ ಎಂಬ ನಿಲ್ದಾಣವೇ ಇದೆ. ಅಲ್ಲಿಳಿದು ವಿಭಾಗದ ಬಾಗಿಲವರೆಗೆ ನೆರಳಿರುವ, ದೀಪವಿರುವ ಕಾಲುದಾರಿ, ಬಾಡಿಗೆಗೆ ಸೈಕಲ್ಲು, ಹತ್ತು ನಿಮಿಷಕ್ಕೊಂದು ಬ್ಯಾಟರಿ ಬಂಡಿ ಇದ್ದರೆ ಸ್ಕೂಟರ್ ತರುವವರೂ ಮನಸ್ಸು ಬದಲಿಸುತ್ತಾರೆ.

ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದ ಫಲವಾಗಿ ಇಂದು ದೇಶದ ಪದವಿ ವಿದ್ಯಾರ್ಥಿಗಳೆಲ್ಲ ಪರಿಸರ ಅಧ್ಯಯನ ಓದುತ್ತಾರೆ. ಚಿಪ್ಕೊ, ಭೋಪಾಲ್, ಓಜೋನ್ ಪದರ ಎಲ್ಲ ಬಾಯಿಪಾಠ. ಆ ಪತ್ರಿಕೆಯ ಆಂತರಿಕ ಅಂಕಗಳನ್ನು ತಮ್ಮದೇ ಕ್ಯಾಂಪಸ್ಸಿನ ಕೆಲಸಕ್ಕೆ ಕೊಡಬಹುದು. ಒಂದು ತಂಡ ಹಾಸ್ಟೆಲಿನ ಮೀಟರ್ ಓದಲಿ, ಒಂದು ತಂಡ ಮೆಸ್ಸಿನ ಡ್ರಮ್ಮು ತೂಗಲಿ, ಒಂದು ವಾಲ್ವ್‌ಮನ್ ಜೊತೆ ಬೆಳಗಿನ ಜಾವ ಸುತ್ತಿ ಕೊಳವೆಗಳ ನಕ್ಷೆ ಬರೆಯಲಿ, ಇನ್ನೊಂದು ಕೊಳಚೆ ಹೋಗುವ ಮೋರಿಯ ಜಾಡು ಹಿಡಿದು ಹಳ್ಳದವರೆಗೆ ನಡೆಯಲಿ. ವಾಣಿಜ್ಯ ವಿಭಾಗದವರು ಫ್ಯಾನಿನ ಟೆಂಡರಿನ ಲೆಕ್ಕ ಹಾಕಲಿ, ಕನ್ನಡ ವಿಭಾಗದವರು ಇವೆಲ್ಲವನ್ನೂ ಓದುವಂತೆ ಬರೆದು ವರ್ಷಕ್ಕೊಂದು ವರದಿ ಅಚ್ಚು ಹಾಕಲಿ. ಕುಲಸಚಿವರು ಆ ವರದಿಯನ್ನು ಸಿಂಡಿಕೇಟ್ ಸಭೆಯಲ್ಲಿ ಬಜೆಟ್ಟಿನ ಜೊತೆಯಲ್ಲೇ ಮಂಡಿಸಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಪ್ರತಿ ಕಟ್ಟಡಕ್ಕೊಂದು ನೀರಿನ ಮೀಟರ್ ಮಾತ್ರ ಬೇಕು, ಅದನ್ನು ಮುಂದಿನ ಮುಂಗಾರಿಗೆ ಮೊದಲೇ ಹಾಕಿಸಬಹುದು.